ಯಾರ ಕೈ

ಮೂರು ತಿಂಗಳ ಫೀಸು ಸುರಿದು ತಂದ ಜೋಡು.
ಹದವಾಗಿ ಕುದ್ದ ಚಹಾದ ಬಣ್ಣ.
ಮೇಲೆ ಹೆಸರಿಲ್ಲ, ಗುರುತಿಲ್ಲ,
ಹಿಮ್ಮಡಿಗೆ ಒಂದು ಹಿತ್ತಾಳೆಯ ಚುಕ್ಕೆ ಸಹ.

ಬಲ್ಲವರು ಬಲ್ಲರು ಅಂದುಕೊಂಡಿದ್ದೆ.

ಧಾರವಾಡದ ಕೋರ್ಟಿನ ಪಡಸಾಲೆಯೊಳಗ
ಎಂಟು ದಿನ ಟಕಟಕ ಅಡ್ಡಾಡಿದೆ.
ಸವಣೂರ ವಕೀಲರು ಎಷ್ಟು ಹೊತ್ತಾತು ಅಂತ ಕೇಳಿದರು.
ಮನೆಯಲ್ಲಿ ಅತ್ತೆ:
‘ಟಿಕಾರೆ ರೋಡಿನಾಗ ಸೇಲ್ ಹಚ್ಯಾರಂತ, ಅಲ್ಲೀವೇನ?’
ಹೂಂ ಅಂದೆ.
ಆ ಹೂಂನೊಳಗೂ ಸೊಕ್ಕಿತ್ತು, ಸುಳ್ಳ್ಯಾಕ ಹೇಳಲಿ.

ಒಂಬತ್ತನೇ ದಿನ ಸುಭಾಸ ರೋಡಿನ ಗಟಾರದ ಕಬ್ಬಿಣಕ್ಕೆ ಸಿಕ್ಕು
ಬಲಗಾಲಿಂದು ಹೊಲಿಗೆ ಬಿಟ್ಟಿತು.

ಬೇವಿನ ಬುಡದ ಹುಲಗಪ್ಪ
ಅದನ್ನು ಅಂಗಾತ ತೊಡೆಯ ಮೇಲಿಟ್ಟು
ಹೆಬ್ಬೆರಳಿನಿಂದ ಹೊಲಿಗೆ ಎಣಿಸುತ್ತ ಹೋದ,
ಹಿಮ್ಮಡಿಯ ತಿರುವಿನಲ್ಲಿ ನಿಂತ.
ಬೀಡಿ ಆರಿತ್ತು.
‘ಯಾರ ಕೈರೀ ಅಕ್ಕಾರ ಇದು?’

ಕಂಪನಿ ಗೊತ್ತಿತ್ತು. ದೇಶ, ರೇಟು,
ಚರ್ಮದ ಜಾತಿ ಸುದ್ದಾ.
ಕೈ?

‘ಎಡಚ ಇರಬೇಕು’ ಅಂದ, ತನಗೆ ತಾನೇ,
ಮೇಣದ ದಾರ ಹಲ್ಲಿನಲ್ಲಿ ಕಡಿದು.

ಇಪ್ಪತ್ತು ರೂಪಾಯಿ.
ರಾತ್ರಿ ಬಲ್ಬಿನ ಕೆಳಗೆ ತಿರುವಿ ತಿರುವಿ ನೋಡಿದೆ.
ಹುಲಗಪ್ಪ ಹೊಲಿದದ್ದು ಎಲ್ಲಿ
ಸಿಗಲೇ ಇಲ್ಲ.