ತೊಣ್ಣೂರು, ನಲವತ್ತೊಂದು ನಿಮಿಷ

ಮೊದಲ ರಾತ್ರಿ ಸಿಕ್ಕಿದ್ದು ಬರೀ ಪಂಪ್‌ಸೆಟ್ಟು.
ಮೈಕನ್ನು ಬಂಡೆಗೆ ಕಟ್ಟಿ ಉಸಿರು ಹಿಡಿದು ಕೂತರೆ
ಆಚೆ ದಡದಿಂದ ಡುರ್‌ರ್ ಎಂದು ಅದೊಂದೇ ಶ್ರುತಿ.
'ತ್ರೀಫೇಸು ಕೊಟ್ಟವ್ರೆ ಸಾ, ಎಲ್ಡು ಗಂಟೆ ಗಂಟ ನಿಲ್ಲಾಕಿಲ್ಲ.
ಕರೆಂಟು ಹೋಗ್ಲಿ, ಆಮ್ಯಾಕೆ ಕೆರೆ ಮಾತಾಡ್ತದೆ'
ಅಂದ ತೆಪ್ಪದ ಸಿದ್ದಬೋರ, ಬೀಡಿ ಕಚ್ಚಿಕೊಂಡೇ.

ನಿಜ. ಎರಡೂ ಹತ್ತಕ್ಕೆ ಊರಿಗೂರೇ ನಂದಿತು.
ಬಂಡೆಯ ಸಂದಿಗೆ ನೀರು ನಾಲಗೆ ಹಾಕಿ ತೆಗೆಯುವ ಸದ್ದು,
ಜೊಂಡಿನೊಳಗೆ ಯಾವುದೋ ಹಕ್ಕಿ ಮಗ್ಗುಲು ಬದಲಿಸಿದ್ದು,
ಗುಡ್ಡ ಇಳಿದು ನೀರಿನ ಮೇಲೆ
ಬರಿಗಾಲಲ್ಲಿ ನಡೆದು ಬಂದ ಗಾಳಿ.

ಹನ್ನೊಂದು ರಾತ್ರಿ. ಉಳಿಸಿದ್ದು ನಲವತ್ತೊಂದು ನಿಮಿಷ.
ಸರಸ್ವತಿಪುರಂ ಮಹಡಿಯಲ್ಲಿ, ಕಿಟಕಿಗೆ ಕಂಬಳಿ ಹೊಡೆದು,
ಅಡಿಗೆ ತಂಬೂರಿಯ ಒಂದೆಳೆ ಹಾಸಿ,
ಬೀಡಿಯ ಕೆಮ್ಮನ್ನೆಲ್ಲ ಕತ್ತರಿಸಿ,
ಮೆತ್ತಗಿನ ಕೆರೆಯೊಂದನ್ನು ಮಾಡಿದೆ.

ಜನಕ್ಕೆ ಹಿಡಿಸಿತು.
'ಎರಡನೇ ಟ್ರ್ಯಾಕು ಮುಗಿಯೋದನ್ನ ನಾನಿನ್ನೂ ಕೇಳಿಲ್ಲ'
ಎಂದರು ಯಾದವಗಿರಿಯ ದಂತವೈದ್ಯೆ. ಅದು ಹೊಗಳಿಕೆ.
ಅವರ ಕುರ್ಚಿಯಲ್ಲಿ ಅರ್ಧ ಜನ
ಬಾಯಿ ತೆರೆದುಕೊಂಡೇ ನಿದ್ದೆ ಹೋಗುತ್ತಾರಂತೆ.

ಸಂಕ್ರಾಂತಿ ಕಳೆದು ಮತ್ತೆ ಹೋದಾಗ
ಸಿದ್ದಬೋರನ ರುಮಾಲು ಬಿಚ್ಚಿಸಿ
ಹೆಡ್‌ಫೋನು ಸಿಕ್ಕಿಸಿದೆ.
ಕಣ್ಣು ಮುಚ್ಚಲಿಲ್ಲ ಅವನು. ಕುಕ್ಕರುಗಾಲಲ್ಲಿ ಕೂತವನ ಬೆರಳು
ಮೊಣಕಾಲ ಮೇಲೆ ಏನನ್ನೋ ಎಣಿಸುತ್ತಿತ್ತು.
'ಕೋಡಿಗೆ ಇನ್ನೆಲ್ಡು ಗೇಣು ಐತೆ ಇಲ್ಲಿ.'
'ಇದು ಕೊರಮೀನು. ಮರಿ ಕಾಯ್ತಾ ಅದೆ.'
ನಾಲ್ಕನೆಯದರಲ್ಲಿ ತಟಕ್ಕನೆ ಎದ್ದೇಬಿಟ್ಟ:
'ಗಾಳಿ ತಿರುಗ್ತು! ಬಲೆ, ಬಲೆ ಎಳೀಬೇಕು!'
ಹೋದ ಗೌರಿ ಹಬ್ಬದ ಗಾಳಿ ಅದು.
ವೈರು ಜಗ್ಗಿ ನಿಂತ, ನಾಚಿದ, ಮತ್ತೆ ಕೂತ.
ಊರೆಲ್ಲ ಮಲಗುವ ಸದ್ದಿನೊಳಗೆ
ಅವನೊಬ್ಬನಿಗೇ ಕೆಲಸ.

ಆಮೇಲೆ ಆ ಟ್ರ್ಯಾಕು ಮುಗಿಯಿತು.
ನಾಲ್ಕಕ್ಕೂ ಐದಕ್ಕೂ ನಡುವೆ ಎರಡು ಸೆಕೆಂಡು
ಏನೂ ಇರುವುದಿಲ್ಲ. ಹಾಗೆ ಬಿಡುವುದು ನಮ್ಮಲ್ಲಿ ವಾಡಿಕೆ.

ಎರಡೂ ಕೈಯಿಂದ ಹೆಡ್‌ಫೋನು ಕಿತ್ತು
ಗಕ್ಕನೆ ಹಿಂದೆ ತಿರುಗಿ ನೋಡಿದ,
ಇದೆಯೋ ಇಲ್ಲವೋ ಎಂಬಂತೆ.
ಇತ್ತು. ಮೆಟ್ಟಿಲ ಮೇಲೆ ಯಾರೋ ಹುಡುಗಿ ಕೊಡಪಾನ ಬೆಳಗುತ್ತಿದ್ದಳು,
ಆಚೆ ದಡದಲ್ಲಿ ಅದೇ ಡುರ್‌ರ್.

'ಇಂಗ್ಯಾಕ್ ಮಾಡಿದ್ರಿ ಸಾ' ಅಂದ ಮೆಲ್ಲಗೆ,
'ವಸಿ ಹೊತ್ತು ಕೆರೆನೇ ಇರ್ನಿಲ್ವಲ್ಲ.'
ಬಗ್ಗಿ ನೀರಲ್ಲಿ ಕೈ ಅದ್ದಿ
ಒಂದಾದ ಮೇಲೊಂದು ಕಿವಿ ಒರೆಸಿಕೊಂಡ.