ಒಂದು ಹಿಡಿ ಮಂಡಕ್ಕಿ

ಭಾನುವಾರ ಭಟ್ಟಿಗೆ ರಜೆ.
ಬುಡನ್ ಸಾಬರು ಬೀಗದ ಕೈ ಕೊಟ್ಟು ಹೇಳುತ್ತಿದ್ದರು:
"ನಿಮ್ಮ ದೇವರ ಮಾತು ಆಡ್ಕಳ್ರಿ, ಅಡ್ಡಿಲ್ಲ,
ಹೊಟ್ಟಿನ ರಾಶಿ ಹತ್ರ ಬೀಡಿ ಮಾತ್ರ ಸೇದಬ್ಯಾಡ್ರಿ."

ಹಾಗೆ ಶುರುವಾಯಿತು ದಾವಣಗೆರೆಯಲ್ಲಿ ನಮ್ಮ ಸಭೆ,
ಗಂಟೆಯಿಲ್ಲದೆ, ಶಿಲುಬೆಯಿಲ್ಲದೆ,
ಹನ್ನೊಂದು ಜನ, ಆರು ಗೋಣಿಚೀಲ,
ಶನಿವಾರದ ಬಿಸಿ ಇನ್ನೂ ಬಿಡದ ಮರಳು.
ಮಸಿ ಹಿಡಿದ ತಗಡಿನ ತೂತಿನಿಂದ
ಬಿಸಿಲು ಕಾಸಿನಗಲ ಬೀಳುತ್ತಿತ್ತು;
ಯಾರ ತಲೆ ಮೇಲೆ ಬಿತ್ತೋ ಅವತ್ತು ಅವರೇ ಹಾಡು ಎತ್ತಬೇಕು.

ಮನಸ್ಸೆಪ್ಪ ಹತ್ತಿ ಗಿರಣಿಯ ಆಳು.
ರಾತ್ರಿ ಪಾಳಿ ಮುಗಿಸಿ ನೇರ ಬರುತ್ತಿದ್ದ,
ಹುಬ್ಬಿನ ಮೇಲೆ ಹತ್ತಿಯ ನವಿರು ಹಾಗೇ,
ಮೂವತ್ತಕ್ಕೇ ಮುದುಕನಂತೆ.
ಉಗ್ಗ.
'ಕರ್ತ' ಅನ್ನೋದಕ್ಕೂ ಕಕಾರದ ಬಾಗಿಲಲ್ಲಿ ನಿಂತು
ಮೂರು ಸಲ ತಟ್ಟಬೇಕು.
ಇಂಥವನನ್ನ ಸಾರೋದಕ್ಕೆ ಯಾರು ಕಳಿಸಿದರು ಅಂತ
ನಮ್ಮವ್ವನೇ ನಕ್ಕಿದ್ದಳು.
ನಕ್ಕವಳೇ ಮುಂದಿನ ವಾರವೂ ಹೋದಳು, ನನ್ನನ್ನೂ ಎಳಕೊಂಡು.

ಅವನು ಸಿಕ್ಕಿಕೊಂಡ ಕಡೆ ಹೆಂಗಸರು ಮಾತು ಕೊಡೋರು,
ಕೈಸಾಲ ಕೊಟ್ಟ ಹಾಗೆ:
ಸೂರಮ್ಮ ತೆಲುಗಿನಲ್ಲಿ, ತಾಂಡಾದ ಘಮ್ಲಿಬಾಯಿ ತನ್ನದರಲ್ಲಿ,
ರೈಲ್ವೆ ಕ್ವಾರ್ಟರ್ಸಿನ ಅರುಳಾಯಿ ತಮಿಳಿನಲ್ಲಿ.
ಮೊದಲ ಸಭೆಯ ಮೇಲೆ ಬೆಂಕಿಯ ನಾಲಗೆಗಳು ಇಳಿದವಂತೆ,
ಎಲ್ಲರಿಗೂ ಅವರವರ ಮಾತೇ ಕೇಳಿಸಿತಂತೆ.
ಅದನ್ನ ಅವನು ಹೇಳಿದಾಗ ಯಾರಿಗೂ ಬೆರಗಾಗಲಿಲ್ಲ.
"ನಮ್ಮಲ್ಲಿ ದಿನಾ ಐತಲ್ಲ" ಅಂದಳು ಅವ್ವ, ಒಲೆ ನೋಡುತ್ತಾ.

ಆ ಭಾನುವಾರದ ಕಥೆ ಬೇರೆ.
ಎಲ್ಲರೂ ಇದ್ದದ್ದನ್ನ ತಂದು ಒಂದೆಡೆ ಸುರಿದ ಕಾಲ.
ಹೊಲ ಮಾರಿದ ಗಂಡ ಹೆಂಡತಿ
ಒಂದಿಷ್ಟು ದುಡ್ಡು ಮುಚ್ಚಿಟ್ಟುಕೊಂಡರಂತೆ,
ಇಷ್ಟೇ ಸ್ವಾಮಿ, ಅಂದನಂತೆ ಗಂಡ, ಆ ಮೀನುಗಾರನ ಮುಂದೆ.
ನನಗೆ ಏಳು ವರ್ಷ.
ಲಂಗದ ಮಡಿಕೆಯಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿದ್ದೆ
ಜರಡಿಯಡಿ ಉಳಿದ ಒಂದು ಹಿಡಿ ಮಂಡಕ್ಕಿ.
ಸಭೆ ಮುಗಿದ ಮೇಲೆ ಹೇಗೂ ಎಲ್ಲರಿಗೂ ಹಂಚುತ್ತಿದ್ದರು,
ಮೆಣಸಿನಕಾಯಿ ಬಜ್ಜಿ ಜೊತೆ.
ಅಷ್ಟು ಹೊತ್ತು ಯಾರು ಕಾಯ್ತಾರೆ.

"ಗಂಡ ಅಲ್ಲೇ ಬಿದ್ದು ಸ..."
ಮನಸ್ಸೆಪ್ಪ ನಿಂತ.
"ಸ... ಸ..."
ಕತ್ತಿನ ನರ ಉಬ್ಬಿತು. ಕಣ್ಣು ಮುಚ್ಚಿದ.
ಹೊರಗೆ ಯಾರದೋ ಜಟಕಾ ಬಂತು, ದಾಟಿತು,
ಗೆಜ್ಜೆಯ ಸದ್ದು ಪೂರ್ತಿ ಅಳಿಸಿತು.
ನನ್ನ ಸೊಂಟದ ಮಂಡಕ್ಕಿ ಕಲ್ಲಾಯಿತು.
"ಚಚ್ಚಿಪೋಯಾಡಾ?" ಅಂದಳು ಸೂರಮ್ಮ.
"ಮರಗೋ" ಅಂದಳು ಘಮ್ಲಿಬಾಯಿ.
ಮೂರನೆಯ ಭಾಷೆಯಲ್ಲಿ ನಾನೇ ಸಾಯುವ ಮುನ್ನ
ಎದ್ದು ನಿಂತು ಗಂಟು ಬಿಚ್ಚಿದೆ.

ಚೆಲ್ಲಿತು. ಗೋಣಿಯ ಮೇಲೆ, ಅವನ ಪಾದದ ಮೇಲೆ,
ತೂಕವೇ ಇಲ್ಲದ ಪಾಪ,
ಗಾಳಿಗೆ ಅರ್ಧ ಹಾರಿಯೇ ಹೋಯಿತು.

ಮನಸ್ಸೆಪ್ಪ ಬಗ್ಗಿ ಒಂದು ಕಾಳು ಹೆಕ್ಕಿ
ಬಾಯಿಗೆ ಹಾಕಿಕೊಂಡ.
"ಉ... ಉಪ್ಪು ಜಾಸ್ತಿ" ಅಂದ.
ಕಥೆಯನ್ನ ಅಲ್ಲಿಗೇ ಬಿಟ್ಟ. ಆ ಹೆಂಡತಿ
ನಮ್ಮ ಭಟ್ಟಿಯ ಬಾಗಿಲಿಗೆ ಬರಲೇ ಇಲ್ಲ.

ಈಗ ಕಲ್ಲಿನ ಕಟ್ಟಡ ಇದೆ, ಮೈಕು, ಫ್ಯಾನು.
ಈಗಿನ ಉಪದೇಶಿಗಳು ತಡವರಿಸೋದಿಲ್ಲ.
ಅದೇ ಭಾಗ ಓದುವ ದಿನ ಅವಳು
ಮೂರು ಗಂಟೆ ತಡವಾಗಿ ಬಂದು,
ಗಂಡನನ್ನು ಹೂತದ್ದು ತಿಳಿಯದೆ,
ಅದೇ ಸುಳ್ಳು ಹೇಳಿ ಸರಾಗವಾಗಿ ಸಾಯುತ್ತಾಳೆ.
ನನಗೆ ಆ ಮೀನುಗಾರನ ಮೇಲೆ ಇವತ್ತಿಗೂ ಒಂದು ತಕರಾರಿದೆ.
ಎಲ್ಲ ಸರಿ, ಸುಳ್ಳು ಸುಳ್ಳೇ. ಆದರೂ
ಒಂದು ಅಕ್ಷರದ ಮುಂದೆ ಸ್ವಲ್ಪ ಸಿಕ್ಕಿಕೊಳ್ಳಬಹುದಿತ್ತಲ್ಲ,
ಜಟಕಾ ಒಂದು ದಾಟಿ ಹೋಗುವಷ್ಟು.
ಅವಳ ಸೆರಗಿನಲ್ಲೂ ಒಂದು ಗಂಟು ಇದ್ದಿರಬೇಕು.
ಬಿಚ್ಚುತ್ತಿದ್ದಳೋ ಏನೋ.