ಪರಸಿ

ಸಮುದ್ರದ ಕಾನೂನಿನ ಮೇಲೆ ಎರಡು ದಿನದ ಅಂತರರಾಷ್ಟ್ರೀಯ ಸಮ್ಮೇಳನ
ನಮ್ಮ ಕಾಲೇಜಿನಲ್ಲಿ ಅಂದಾಗ
ಸೂಪರ್ ಮಾರ್ಕೆಟ್ಟಿನ ಆಟೋದವನೂ ನಕ್ಕ:
"ಭೀಮಾದಾಗೇ ನೀರಿಲ್ರಿ ಮೇಡಂ, ಸಮುದ್ರ ಎಲ್ಲಿಂದ ತರ್ತೀರಿ?"

ತರುವುದು ನನ್ನ ಕೆಲಸವಲ್ಲ. ನಾನು ಗ್ರಂಥಪಾಲಕಿ,
ಇದ್ದದ್ದನ್ನು ಕಾಯುವವಳು.
ಇದ್ದದ್ದು ಇಷ್ಟು: ಕಡಲ ಕಾನೂನು, ಮೂರು ಸಂಪುಟ.
ಎರಡನೆಯದು ತೊಂಬತ್ತಾರರಲ್ಲಿ ಯಾರೋ ಒಯ್ದದ್ದು
ಇನ್ನೂ ಬಂದಿಲ್ಲ. ದಂಡ ಕೂಡಿಸಿದರೆ
ಒಂದು ಸಣ್ಣ ದೋಣಿ ಕೊಳ್ಳಬಹುದು.
ಹೀಗಾಗಿ ನಮ್ಮ ಹುಡುಗರಿಗೆ ದಂಡೆ ಗೊತ್ತು, ತಳ ಗೊತ್ತು,
ನಡುವಿನ ನೀರು ಗೊತ್ತಿಲ್ಲ.

ಸಾಯಬಣ್ಣ, ಕೊನೆಯ ವರ್ಷದವನು, ಶಾಹಾಬಾದಿನಿಂದ
ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಬರುವವನು,
ಒಂದು ಮಧ್ಯಾಹ್ನ ಕೌಂಟರಿಗೆ ಮೊಣಕೈ ಊರಿ ಕೇಳಿದ:
"ಹೈ ಸೀಸ್ ಅಂದ್ರ ಎತ್ತರದ ಸಮುದ್ರ ಅಂತ ಬರೀಲೇನ್ರಿ?"
"ಯಾರಿಗೂ ಸೇರದ ಸಮುದ್ರ, ಅಂತ ಬರಿ."
ಪೆನ್ನು ಕಚ್ಚಿಕೊಂಡು ಸ್ವಲ್ಪ ಹೊತ್ತು ನಿಂತ.
"ಯಾರಿಗೂ ಸೇರದ್ದಂದ್ರ ನಮ್ಮ ಕಡಿ
ಮರುದಿನಾನೇ ಬೇಲಿ ಬೀಳ್ತದ್ರಿ."

ಏಪ್ರಿಲ್. ನಲವತ್ತಮೂರು ಡಿಗ್ರಿ.
ಫ್ಲೆಕ್ಸ್ ಮಾಡಿದವನು ಪ್ರಾಚಾರ್ಯರ ಭುಜದ ಮೇಲೆ
ಪುಕ್ಕಟೆ ಒಂದು ಡಾಲ್ಫಿನ್ ಕೂರಿಸಿದ್ದ.
ಮುಂದಿನ ಸಾಲಿನಲ್ಲಿ ಅತಿಥಿಗಳು, ಹಿಂದೆ
ಪ್ರಮಾಣಪತ್ರಕ್ಕೆ ಬಂದವರು, ಬಾಗಿಲ ಹೊರಗೆ
ಪುಂಡಿಪಲ್ಯದ ಹುಳಿವಾಸನೆ.
ಸ್ವಾಗತವೇ ನಲವತ್ತು ನಿಮಿಷ ನಡೆಯಿತು.

ಆಮೇಲೆ ಆಕೆ ಎದ್ದರು, ಶಾಂತಸಾಗರದ
ಭೂಪಟದಲ್ಲಿ ನೊಣ ಕೂತರೆ ಮುಚ್ಚಿಹೋಗುವ ದೇಶದವರು.
ನೆಲ ಮುಳುಗಿದ ಮೇಲೂ ದೇಶ ಉಳಿಯುತ್ತದೆಯೇ?
ಧ್ವಜಕ್ಕೆ ಕಂಬ ಎಲ್ಲಿ? ಮೀನಿನ ಹಕ್ಕು ಯಾರದು?
ಕಲಂ ಮೇಲೆ ಕಲಂ ಓದುತ್ತಿದ್ದಾಗ ಕರೆಂಟು ಹೋಯಿತು.
ಮೈಕು ಸತ್ತಿತು. ಆಕೆ ಓದು ನಿಲ್ಲಿಸಲಿಲ್ಲ,
ಚಪ್ಪಲಿ ಕಳಚಿ, ಬರಿಗಾಲು ಪರಸಿಯ ಮೇಲಿಟ್ಟು
"ಎಷ್ಟು ತಂಪು" ಎಂದರು, ಪ್ರಬಂಧದ ನಡುವೆ,
ಅದೂ ಒಂದು ವಾಕ್ಯವೆಂಬಂತೆ.

ಸಾಯಬಣ್ಣನ ಸರದಿ ಊಟದ ನಂತರ.
ಆಳಗಡಲಿನ ತಳ ಮನುಕುಲದ ಸಮಾನ ಸೊತ್ತು:
ಹನ್ನೆರಡು ಪುಟ, ಹತ್ತು ನಿಮಿಷ,
ಅರ್ಧ ಸಭೆಯ ಕಣ್ಣು ಮುಚ್ಚಿತ್ತು.
ಆಕೆ ಕೈ ಎತ್ತಿ ಕೇಳಿದರು: ನೀನು ಕಡಲು ನೋಡಿದ್ದೀಯಾ?

ಅವನು ನನ್ನ ಕಡೆ ನೋಡಿದ. ನೆಲ ನೋಡಿದ.
"ಇದರ ಮ್ಯಾಲೇ ನಿಂತೀನಲ್ರಿ.
ನಮ್ಮಪ್ಪ ಇಪ್ಪತ್ತೆರಡು ವರ್ಷ ಖಣಿಯಾಗ
ಇದನ್ನ ಸೀಳ್ಯಾನ್ರಿ, ಚದರ ಫೂಟಿನ ಲೆಕ್ಕ.
ಒಂದ್ ಹಲಗಿ ಎಬ್ಬಿಸಿದ್ರ, ಕೆಳಗಿನ ಕಲ್ಲಿನ ಮ್ಯಾಲ
ತೆರಿ ಹಾಂಗೇ ಇರ್ತಾವ್ರಿ, ಬೆರಳಿಗೆ ಹತ್ತತಾವ.
ಇದು ತಳಾನೇ. ಸೊತ್ತು ಯಾರದಂತ
ಆಗ ಯಾರೂ ಕೇಳಿಲ್ರಿ, ಲೀಸ್ ಸಾವುಕಾರಂದಿತ್ತು."

ನಾನು ಇಂಗ್ಲಿಷಿಗೆ ಮಾಡಿ ಹೇಳಿದೆ. ಸಾವುಕಾರ ಅನ್ನುವ ಪದ
ದಾಟಲಿಲ್ಲ, ಈಚೆ ದಡದಲ್ಲೇ ಉಳಿಯಿತು.
ಆಕೆ ಏನೋ ಬರೆದುಕೊಂಡರು.
ಅಧ್ಯಕ್ಷರು ಗಂಟೆ ಬಾರಿಸಿದರು: ಸಮಯ ಮುಗಿಯಿತು.

ಸಂಜೆ ಆಕೆ ಗ್ರಂಥಾಲಯಕ್ಕೆ ಬಂದರು. ಅವನ ಹನ್ನೆರಡು ಪುಟ
ಜೆರಾಕ್ಸ್ ಮಾಡಿಕೊಟ್ಟೆ. ದುಡ್ಡು ಬೇಡವೆಂದೆ.
ಎರಡನೆಯ ಸಂಪುಟದ ಖಾಲಿ ಜಾಗಕ್ಕೆ ಬೆರಳಿಟ್ಟು
"ಇದು?" ಎಂದರು.
"ಹೋಗಿದೆ, ಬರಬಹುದು" ಎಂದೆ,
ಇಪ್ಪತ್ತೇಳು ವರ್ಷದಿಂದ ಎಲ್ಲರಿಗೂ ಹೇಳುವ ಹಾಗೆ.

ಚಪ್ಪಲಿ ಸಭಾಂಗಣದಲ್ಲೇ ಉಳಿದಿತ್ತು. ತರಲು ಹೋದೆವು.
ಬಕೀಟು ಚೆಲ್ಲಿ ತಹಸೀನಬಿ ನೆಲ ಒರೆಸುತ್ತಿದ್ದಳು,
ಕಿಟಕಿಯ ಬೆಳಕು ಆ ತೆಳ್ಳನೆ ನೀರಿನ ಮೇಲೆ
ಗೋಡೆಯಿಂದ ಗೋಡೆಗೆ ಅಲುಗುತ್ತಿತ್ತು.
"ಒಣಗೋ ತನಕ ಯಾರೂ ಒಳಗ ಬರಬ್ಯಾಡ್ರಿ" ಅಂದಳು,
ತಲೆ ಎತ್ತದೆ.

ಅನುವಾದ ಬೇಕಾಗಲಿಲ್ಲ.
ನಾವಿಬ್ಬರೂ ಹೊಸ್ತಿಲಾಚೆ ನಿಂತೆವು.